ಶಾಸನಸಭೆಯಿಲ್ಲದ ದ್ವೀಪಗಳಲ್ಲಿ ಹಕ್ಕು ನಡೆಯುವ ಬಗೆ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನ ಜಿಲ್ಲೆಯ ಕೈತಪ್ಪಿದ್ದು ಯಾವುದು ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಬರುವ ಉತ್ತರ ಕಾಸರಗೋಡು. ಅದೇ ದಿನ ಅದೇ ಜಿಲ್ಲೆಯಿಂದ ಇನ್ನೊಂದು ತುಂಡೂ ಬೇರೆಯಾಯಿತು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿರುವ ಅಮಿನಿದೀವಿ ದ್ವೀಪಗಳು ಅಂದಿನವರೆಗೂ ಮಂಗಳೂರಿನ ಕಲೆಕ್ಟರ ಆಡಳಿತದಲ್ಲಿದ್ದವು. ಟಿಪ್ಪುವಿನ ಕಾಲದಲ್ಲಿ ಅವು ಕಣ್ಣಾನೂರಿನ ಅರಕ್ಕಲ್ ಮನೆತನದ ಹಿಡಿತದಿಂದ ಮೈಸೂರಿನ ಕೈಗೆ ಬಂದಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈಸ್ಟ್ ಇಂಡಿಯಾ ಕಂಪನಿ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿಕೊಂಡಿತು. ದ್ವೀಪದವರು ಹೊಸೆದ ಕತ್ತದ ಹುರಿಯನ್ನು ಮಂಗಳೂರಿಗೆ ತಂದು ಸರ್ಕಾರಕ್ಕೇ ಒಪ್ಪಿಸಬೇಕಿತ್ತು. ಬದಲಿಗೆ ಸಿಗುತ್ತಿದ್ದುದು ಅಕ್ಕಿ. ಹುರಿಗೂ ಅಕ್ಕಿಗೂ ಬೆಲೆ ಕಟ್ಟುತ್ತಿದ್ದದ್ದು ಸರ್ಕಾರವೇ.

ಈ ಅಮಿನಿದೀವಿ, ಮಲಬಾರ್ ಜಿಲ್ಲೆಗೆ ಸೇರಿದ್ದ ಲಕ್ಕದೀವಿ ಮತ್ತು ಮಿನಿಕಾಯ್ ಕೂಡಿ ಕೇಂದ್ರಾಡಳಿತ ಪ್ರದೇಶವೊಂದು ಹುಟ್ಟಿತು. 1973ರಲ್ಲಿ ಅದಕ್ಕೆ ಲಕ್ಷದ್ವೀಪ ಎಂಬ ಹೆಸರಾಯಿತು. ಒಟ್ಟು 36 ದ್ವೀಪಗಳು, ಜನ ವಾಸವಿರುವುದು ಹತ್ತರಲ್ಲಿ, ನೆಲವೆಲ್ಲ ಸೇರಿ 32 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ 64,473 ಜನ. ಮಂಗಳೂರಿನ ಹಳೆ ಬಂದರಿಗೆ ಹೋದರೆ ಇಂದಿಗೂ ದ್ವೀಪಕ್ಕೆ ಹೊರಟ ಮಂಜಿಗಳಿಗೆ ಈರುಳ್ಳಿ ಮೂಟೆ, ಸಿಮೆಂಟು, ಜಲ್ಲಿ ತುಂಬುವುದನ್ನು ಕಾಣಬಹುದು. ವ್ಯಾಪಾರದ ನಂಟು ಉಳಿದಿದೆ. ಆದರೆ ಆ ಈರುಳ್ಳಿ ಕೊಳ್ಳುವವರಿಗೆ ಯಾವ ಹಕ್ಕು ಹೇಗೆ ಸಿಗುತ್ತದೆ, ಎಲ್ಲಿ ನಿಂತುಹೋಗುತ್ತದೆ ಎಂಬುದು ಕರಾವಳಿಯವರಿಗೂ ಅಷ್ಟಾಗಿ ತಿಳಿದಿಲ್ಲ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬದಿಗಿಡೋಣ. ಲಕ್ಷದ್ವೀಪದವರು ಅರೆ ನಾಗರಿಕರಲ್ಲ. ಸಂವಿಧಾನದ ಮೂರನೇ ಭಾಗದ ಮೂಲಭೂತ ಹಕ್ಕುಗಳು ದ್ವೀಪಗಳ ರಾಜಧಾನಿ ಕವರತ್ತಿಯಲ್ಲೂ ನಮ್ಮ ಕಲಬುರಗಿಯಲ್ಲೂ ಒಂದೇ. ಮಾತನಾಡುವ, ಸಭೆ ಸೇರುವ, ಸಂಘ ಕಟ್ಟುವ ಸ್ವಾತಂತ್ರ್ಯ ಅಲ್ಲೂ ಇದೆ. ಹಕ್ಕಿಗೆ ಧಕ್ಕೆಯಾದರೆ 226ನೇ ವಿಧಿಯಡಿ ಹೈಕೋರ್ಟಿಗೆ, 32ನೇ ವಿಧಿಯಡಿ ಸುಪ್ರೀಂ ಕೋರ್ಟಿಗೆ ಹೋಗುವ ದಾರಿಯೂ ಇದೆ. ವ್ಯತ್ಯಾಸ ಇರುವುದು ಇನ್ನೊಂದು ಕಡೆ. ತಮ್ಮನ್ನು ಆಳುವ ಕಾನೂನು ರೂಪುಗೊಳ್ಳುವಾಗ ಅವರು ಎಲ್ಲಿರುತ್ತಾರೆ?

ಕಾನೂನು ಬರುವ ದಾರಿ

ಕರ್ನಾಟಕದಲ್ಲಿ ಗೋಹತ್ಯೆ ತಡೆಯ ಕಾನೂನೋ ಭೂಸುಧಾರಣೆಯ ತಿದ್ದುಪಡಿಯೋ ಬಂತೆನ್ನಿ. ಮಸೂದೆ ವಿಧಾನಸಭೆಗೆ ಬರುತ್ತದೆ, ಪರಿಷತ್ತಿಗೆ ಹೋಗುತ್ತದೆ. ಗದ್ದಲವಾಗುತ್ತದೆ, ವಿರೋಧ ಪಕ್ಷದವರು ಸದನದ ಬಾವಿಗಿಳಿಯುತ್ತಾರೆ, ಪತ್ರಿಕೆಗಳಲ್ಲಿ ಬರುತ್ತದೆ. ಕೊನೆಗೆ ಬಹುಮತ ಗೆದ್ದರೂ ನಮ್ಮ ಕ್ಷೇತ್ರದ ಶಾಸಕ ಕೈಯೆತ್ತಿದನೇ ಇಲ್ಲವೇ ಎಂದು ಕೇಳುವ ಅವಕಾಶ ನಮಗಿದೆ.

ಲಕ್ಷದ್ವೀಪಕ್ಕೆ ವಿಧಾನಸಭೆ ಇಲ್ಲ. ದೆಹಲಿಗೆ ಮತ್ತು ಪುದುಚೇರಿಗೆ ಇರುವಂಥ ಮಂತ್ರಿಮಂಡಲವೂ ಇಲ್ಲ. 239ನೇ ವಿಧಿಯಂತೆ ರಾಷ್ಟ್ರಪತಿ ನೇಮಿಸುವ ಆಡಳಿತಾಧಿಕಾರಿ ಕವರತ್ತಿಯಲ್ಲಿ ಕುಳಿತು ಆಳುತ್ತಾರೆ. ಸಂಸತ್ತು ಮಾಡುವ ಕಾನೂನುಗಳು ಅಲ್ಲಿಗೂ ಅನ್ವಯಿಸುತ್ತವೆ. ಅದರ ಜತೆಗೆ 240ನೇ ವಿಧಿ ಇದೆ. ಲಕ್ಷದ್ವೀಪದ ಶಾಂತಿ, ಪ್ರಗತಿ ಮತ್ತು ಒಳ್ಳೆಯ ಆಡಳಿತಕ್ಕಾಗಿ ರಾಷ್ಟ್ರಪತಿ ವಿನಿಯಮಗಳನ್ನು ಹೊರಡಿಸಬಹುದು. ಹಾಗೆ ಬಂದ ವಿನಿಯಮಕ್ಕೆ ಸಂಸತ್ತಿನ ಕಾಯ್ದೆಯಷ್ಟೇ ಬಲ. ಅಷ್ಟೇ ಅಲ್ಲ, ಆ ಪ್ರದೇಶಕ್ಕೆ ಅನ್ವಯಿಸುವ ಸಂಸತ್ತಿನ ಕಾಯ್ದೆಯನ್ನೇ ಅದು ತಿದ್ದಬಹುದು, ರದ್ದು ಮಾಡಬಹುದು.

ರಾಷ್ಟ್ರಪತಿ ಎಂದರೆ ಇಲ್ಲಿ ಕೇಂದ್ರ ಸರ್ಕಾರ ಎಂದೇ ಅರ್ಥ. ಕರಡು ಕವರತ್ತಿಯ ಸಚಿವಾಲಯದಲ್ಲಿ ತಯಾರಾಗಿ ಗೃಹ ಸಚಿವಾಲಯಕ್ಕೆ ಹೋಗುತ್ತದೆ. ಕೇಂದ್ರದ ಒಪ್ಪಿಗೆ ಸಿಕ್ಕರೆ ರಾಷ್ಟ್ರಪತಿಯ ಅಂಕಿತ ಬಿದ್ದು ಗೆಜೆಟ್ಟಿನಲ್ಲಿ ಪ್ರಕಟವಾಗುತ್ತದೆ. ಈ ದಾರಿಯ ಯಾವ ಮೆಟ್ಟಿಲಲ್ಲೂ ದ್ವೀಪದವರು ಆರಿಸಿದ ಒಬ್ಬ ವ್ಯಕ್ತಿಯ ಮತ ಬೇಕಾಗುವುದಿಲ್ಲ. ಅವರ ಒಬ್ಬನೇ ಸಂಸದನ ಮುಂದೆಯೂ ಅದು ಮತಕ್ಕೆ ಬರಬೇಕಿಲ್ಲ. ನನ್ನ ಮಟ್ಟಿಗೆ ಲಕ್ಷದ್ವೀಪದ ಹಕ್ಕುಗಳ ಕಥೆಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಕಾಯುವ ಕೈ, ಕಿತ್ತುಕೊಳ್ಳಬಲ್ಲ ಕೈ

ಇದೇ 240ನೇ ವಿಧಿ ದ್ವೀಪದವರನ್ನು ಕಾಪಾಡಿದೆ ಕೂಡ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಅಲ್ಲಿನ ಜನರಲ್ಲಿ ಶೇ 94ಕ್ಕಿಂತ ಹೆಚ್ಚು ಮಂದಿ ಪರಿಶಿಷ್ಟ ಪಂಗಡದವರು. 1964ರ ವಿನಿಯಮವೊಂದು ಅವರ ಭೂಮಿ ಹೊರಗಿನವರ ಕೈಸೇರದಂತೆ ತಡೆಯುತ್ತದೆ. 1965ರ ಭೂಕಂದಾಯ ಮತ್ತು ಗೇಣಿ ವಿನಿಯಮ ಒಡೆಯರ ತೆಂಗಿನ ತೋಟಗಳಲ್ಲಿ ದುಡಿಯುತ್ತಿದ್ದ ಗೇಣಿದಾರರಿಗೆ ಕಾನೂನಿನ ನೆಲೆ ಕೊಟ್ಟಿತು. 1967ರ ನಿಯಮಗಳು ಹೊರಗಿನವರಿಗೆ ಪ್ರವೇಶ ಪರವಾನಗಿಯನ್ನು ಕಡ್ಡಾಯ ಮಾಡಿದವು.

ಈ ಪರವಾನಗಿಯ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ಪ್ರವಾಸಕ್ಕೆ ಹೊರಟ ಕನ್ನಡಿಗರು ಗೊಣಗುವುದು ಇದರ ಬಗ್ಗೆಯೇ. ನಮ್ಮದೇ ದೇಶದೊಳಗೆ ಹೋಗಲು ಅನುಮತಿ ಯಾಕೆ ಬೇಕು? ದೇಶದಲ್ಲಿ ಎಲ್ಲಿ ಬೇಕಾದರೂ ಓಡಾಡುವ, ನೆಲೆಸುವ ಹಕ್ಕನ್ನು 19ನೇ ವಿಧಿ ಕೊಡುತ್ತದೆ. ಅದೇ ವಿಧಿಯ ಐದನೇ ಖಂಡ, ಪರಿಶಿಷ್ಟ ಪಂಗಡದವರ ಹಿತ ಕಾಯಲು ಆ ಹಕ್ಕಿನ ಮೇಲೆ ತಕ್ಕಮಟ್ಟಿನ ನಿರ್ಬಂಧ ಹಾಕಬಹುದು ಎನ್ನುತ್ತದೆ. ಪರವಾನಗಿ ನಿಂತಿರುವುದು ಆ ಖಂಡದ ಮೇಲೆ. ದ್ವೀಪದವರು ಮಂಗಳೂರಿಗೆ ಬರಲು ಯಾರ ಅಪ್ಪಣೆಯನ್ನೂ ಕೇಳಬೇಕಿಲ್ಲ; ನಾವು ಅಲ್ಲಿಗೆ ಹೋಗಲು ಕೇಳಬೇಕು. 32 ಚದರ ಕಿಲೋಮೀಟರಿನಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಜನ ಬದುಕುವಾಗ, ಕುಡಿಯುವ ನೀರು ಮರಳಿನಡಿಯ ತೆಳು ಪದರದಲ್ಲಿ ಮಾತ್ರ ಇರುವಾಗ, ಇದು ನ್ಯಾಯವೆಂದೇ ನನಗೆ ತೋರುತ್ತದೆ.

ತೊಡಕು ಬೇರೆಯೇ ಇದೆ. ಭೂಮಿಯ ರಕ್ಷಣೆಯೂ ಪರವಾನಗಿಯೂ ಸಂವಿಧಾನದಲ್ಲಿ ನೇರವಾಗಿ ಬರೆದಿಟ್ಟವಲ್ಲ. ದೇಶದ ಹಲವು ಬುಡಕಟ್ಟು ಪ್ರದೇಶಗಳಿಗೆ ಐದನೇ ಅಥವಾ ಆರನೇ ಅನುಸೂಚಿಯ ಆಸರೆ ಇದೆ. ಬಹುಪಾಲು ಪರಿಶಿಷ್ಟ ಪಂಗಡದವರೇ ಇರುವ ಲಕ್ಷದ್ವೀಪ ಆ ಎರಡರಲ್ಲೂ ಇಲ್ಲ. ಅದರ ಬೇಲಿಯನ್ನು ಕಟ್ಟಿರುವುದು ವಿನಿಯಮ. ವಿನಿಯಮವನ್ನು ಕಟ್ಟಿದವರು ಅದನ್ನು ಇನ್ನೊಂದು ವಿನಿಯಮದಿಂದ ಬಿಚ್ಚಲೂಬಹುದು, ಬಿಚ್ಚುವಾಗ ದ್ವೀಪದವರ ಒಪ್ಪಿಗೆ ಬೇಕಿಲ್ಲ.

ಹುಟ್ಟಿದ ಊರು ಹಕ್ಕನ್ನು ಕಸಿದಾಗ

ಯಾರು ದ್ವೀಪದವರು ಎನ್ನುವುದಕ್ಕೆ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಒಂದು ವ್ಯಾಖ್ಯೆ ಇದೆ. ಅಲ್ಲಿ ಜಾತಿಯ ಹೆಸರಿಲ್ಲ. ತಾನೂ ತನ್ನ ತಂದೆ ತಾಯಿ ಇಬ್ಬರೂ ದ್ವೀಪಗಳಲ್ಲಿ ಹುಟ್ಟಿದ ನಿವಾಸಿಗಳಾಗಿರಬೇಕು, ಅಷ್ಟೇ. ಕಾಗದದ ಮೇಲೆ ಸರಳವಾಗಿ ಕಾಣುವ ಈ ಮಾತು ಎಷ್ಟೋ ಮನೆಗಳನ್ನು ಕಾಡಿತು. ಹೆರಿಗೆ ಕಷ್ಟವಾದೀತು ಎಂದರೆ ಬಸುರಿಯನ್ನು ಕೊಚ್ಚಿಗೋ ಕೋಯಿಕ್ಕೋಡಿಗೋ ಕರೆದೊಯ್ಯಬೇಕು. ದೊಡ್ಡ ಆಸ್ಪತ್ರೆ ಇರುವುದು ಅಲ್ಲಿ. ಸರ್ಕಾರಿ ಕೆಲಸದಲ್ಲಿದ್ದವರ ಮನೆಯ ಹೆರಿಗೆಗಳೂ ಹೊರಗೇ ಆಗುತ್ತಿದ್ದವು. ಹಾಗೆ ಹೊರಗೆ ಹುಟ್ಟಿದ ಮಗು ಅಕ್ಷರಶಃ ನೋಡಿದರೆ ಪರಿಶಿಷ್ಟ ಪಂಗಡಕ್ಕೆ ಸೇರುತ್ತಿರಲಿಲ್ಲ. ಅಣ್ಣ ಅಮಿನಿಯಲ್ಲಿ ಹುಟ್ಟಿ ಪಂಗಡದವನಾದರೆ, ತಾಯಿಯ ಜೀವ ಉಳಿಸಲು ಕೊಚ್ಚಿಗೆ ಒಯ್ದದ್ದರಿಂದ ಅಲ್ಲಿ ಹುಟ್ಟಿದ ತಂಗಿ ಹೊರಗಿನವಳು. ವಿದ್ಯಾರ್ಥಿವೇತನ, ಮೀಸಲು ಸೀಟು, ನೌಕರಿ ಎಲ್ಲಕ್ಕೂ ಅದೇ ಪ್ರಮಾಣಪತ್ರ ಬೇಕು.

ಸಂಸತ್ತು 2008ರ ತಿದ್ದುಪಡಿ ಕಾಯ್ದೆಯಲ್ಲಿ ಇದನ್ನು ಸರಿಪಡಿಸಿತು. ದ್ವೀಪವಾಸಿಗಳ ಮಕ್ಕಳು ಮುಖ್ಯಭೂಮಿಯಲ್ಲಿ ಎಲ್ಲೇ ಹುಟ್ಟಿದರೂ ದ್ವೀಪಗಳಲ್ಲಿ ಕಾಯಂ ನೆಲೆಸಿದರೆ ಅವರನ್ನು ಅಲ್ಲೇ ಹುಟ್ಟಿದವರೆಂದು ಪರಿಗಣಿಸಬೇಕು. ಒಂದು ವಾಕ್ಯದ ಸೇರ್ಪಡೆಗೆ ಅರ್ಧ ಶತಮಾನ ಹಿಡಿಯಿತು. ಚಿಕ್ಕ ಪ್ರದೇಶದ ತೊಂದರೆ ದೊಡ್ಡ ರಾಜಧಾನಿಯ ಕಿವಿಗೆ ಬೀಳಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆಸ್ತಿಯ ಹಕ್ಕಿನಲ್ಲೂ ದ್ವೀಪದ್ದು ತನ್ನದೇ ದಾರಿ. ತುಳುನಾಡಿನವರಿಗೆ ಅಳಿಯಸಂತಾನ ಗೊತ್ತು. ಮುಸ್ಲಿಮರೇ ಹೆಚ್ಚಾಗಿರುವ ಈ ದ್ವೀಪಗಳಲ್ಲೂ ತಾಯಿಯ ಕಡೆಯಿಂದ ವಂಶ ಎಣಿಸುವ ಕಟ್ಟಳೆ ಇದೆ. ತರವಾಡಿನ, ಅಂದರೆ ತಾಯಿಯ ಕಡೆಯ ಕೂಡುಕುಟುಂಬದ, ಹಿರಿಯರಿಂದ ಬಂದ ಆಸ್ತಿ ಶುಕ್ರವಾರದ ಆಸ್ತಿ, ಅದು ತಾಯಿಯ ವಂಶದಲ್ಲೇ ಸಾಗುತ್ತದೆ. ಸ್ವಂತ ದುಡಿಮೆಯದು ಸೋಮವಾರದ ಆಸ್ತಿ, ಅದು ಶರೀಅತ್ತಿನಂತೆ ಹಂಚಿಕೆಯಾಗುತ್ತದೆ. ತೆಂಗಿನ ಮರವೊಂದು ಯಾವ ವಾರಕ್ಕೆ ಸೇರಿದ್ದು ಎನ್ನುವುದೇ ಕೋರ್ಟು ಕಚೇರಿಯ ವ್ಯಾಜ್ಯವಾಗಬಹುದು. ಹೆಣ್ಣುಮಗಳಿಗೆ ತನ್ನ ಮನೆ ತನ್ನದೇ ಆಗಿ ಉಳಿಯುವ ಈ ಬಗೆಯನ್ನು ಸಮಾಜಶಾಸ್ತ್ರಜ್ಞೆ ಲೀಲಾ ದುಬೆ ಕಲ್ಪೇನಿ ದ್ವೀಪದ ಅಧ್ಯಯನದಲ್ಲಿ ದಾಖಲಿಸಿದ್ದಾರೆ.

ಒಬ್ಬನೇ ಸಂಸದ

ಲೋಕಸಭೆಯಲ್ಲಿ ಲಕ್ಷದ್ವೀಪಕ್ಕೆ ಒಂದು ಸ್ಥಾನವಿದೆ. ರಾಜ್ಯಸಭೆಯಲ್ಲಿ ಒಂದೂ ಇಲ್ಲ. ಆ ಒಂದು ಸ್ಥಾನಕ್ಕೂ ಮೊದಲ ಹತ್ತು ವರ್ಷ ಮತದಾನ ನಡೆಯಲಿಲ್ಲ. 1957ರಿಂದ 1967ರವರೆಗೆ ಇದ್ದ ಸದಸ್ಯರು ರಾಷ್ಟ್ರಪತಿ ನಾಮಕರಣ ಮಾಡಿದವರು. 1967ರಲ್ಲಿ ದ್ವೀಪದವರು ಮೊದಲ ಸಲ ತಮ್ಮ ಸಂಸದನನ್ನು ಆರಿಸಿದರು. ಗೆದ್ದ ಪಿ.ಎಂ. ಸಯೀದ್ ಸತತ ಹತ್ತು ಸಲ ಗೆದ್ದು ಲೋಕಸಭೆಯ ಉಪಸಭಾಧ್ಯಕ್ಷರೂ ಆದರು. 2004ರಲ್ಲಿ ಅವರು ಸೋತದ್ದು ಕೇವಲ 71 ಮತಗಳಿಂದ. ಮತದಾರರ ಲೆಕ್ಕದಲ್ಲಿ ದೇಶದ ಅತಿ ಚಿಕ್ಕ ಕ್ಷೇತ್ರ ಇದು. 2024ರಲ್ಲಿ ಇದ್ದದ್ದು ಸುಮಾರು 58 ಸಾವಿರ ಮತದಾರರು. ಒಂದೊಂದು ಮತದ ತೂಕ ಹೆಚ್ಚು ಎನ್ನಬಹುದು. ಆದರೆ ನಮ್ಮ ಊರಿನಲ್ಲಿ ಗ್ರಾಮ ಪಂಚಾಯತಿ ಸದಸ್ಯ, ಶಾಸಕ, ಸಂಸದ ಎಂದು ಹಲವು ಬಾಗಿಲು ತಟ್ಟಬಹುದು, ಅಲ್ಲಿ ಬಾಗಿಲುಗಳೇ ಕಡಿಮೆ.

ಆ ಬಾಗಿಲು ಮುಚ್ಚಿದಾಗ ಏನಾಗುತ್ತದೆ ಎಂಬುದು 2023ರಲ್ಲಿ ಕಂಡಿತು. ಜನವರಿ 11ರಂದು ಆಗಿನ ಸಂಸದ ಮಹಮ್ಮದ್ ಫೈಜಲ್ ಅವರಿಗೆ ಕವರತ್ತಿಯ ಸೆಷನ್ಸ್ ಕೋರ್ಟು ಕೊಲೆಯತ್ನದ ಪ್ರಕರಣದಲ್ಲಿ ಹತ್ತು ವರ್ಷ ಶಿಕ್ಷೆ ವಿಧಿಸಿತು. ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದರೆ ಸದಸ್ಯತ್ವ ಹೋಗುತ್ತದೆ, ಹೋಯಿತು. ಉಪಚುನಾವಣೆಯ ದಿನವೂ ಗೊತ್ತಾಯಿತು. ಜನವರಿ 25ರಂದು ಕೇರಳ ಹೈಕೋರ್ಟ್ ಅಪರಾಧ ನಿರ್ಣಯವನ್ನು ಅಮಾನತಿನಲ್ಲಿಟ್ಟಿತು, ಉಪಚುನಾವಣೆ ನಿಂತಿತು. ಆದರೂ ಸದಸ್ಯತ್ವ ಮರಳಿ ಸಿಕ್ಕಿದ್ದು ಮಾರ್ಚ್ 29ಕ್ಕೆ. ಪ್ರಕರಣದ ಸರಿತಪ್ಪು ನ್ಯಾಯಾಲಯದ ವಿಷಯ. ಬಜೆಟ್ ಅಧಿವೇಶನ ನಡೆಯುತ್ತಿದ್ದ ಆ ವಾರಗಳಲ್ಲಿ ಒಂದು ಇಡೀ ಕೇಂದ್ರಾಡಳಿತ ಪ್ರದೇಶದ ಪರವಾಗಿ ಯಾವ ಸದನದಲ್ಲೂ ಒಬ್ಬ ಪ್ರತಿನಿಧಿ ಇರಲಿಲ್ಲ ಎಂಬುದು ನನ್ನನ್ನು ಕಾಡುತ್ತದೆ.

2021

2020ರ ಡಿಸೆಂಬರಿನಲ್ಲಿ ಪ್ರಫುಲ್ ಖೋಡಾ ಪಟೇಲ್ ಆಡಳಿತಾಧಿಕಾರಿಯಾಗಿ ಬಂದರು. ಮುಂದಿನ ಕೆಲವು ತಿಂಗಳಲ್ಲಿ ನಾಲ್ಕು ಕರಡು ವಿನಿಯಮಗಳು ಹೊರಬಿದ್ದವು. ಒಂದು, ಯಾವುದೇ ಜಾಗವನ್ನು ಯೋಜನಾ ಪ್ರದೇಶವೆಂದು ಘೋಷಿಸಲು ಅಧಿಕಾರ ಕೊಡುವ ಅಭಿವೃದ್ಧಿ ಪ್ರಾಧಿಕಾರದ ಕರಡು. ಇನ್ನೊಂದು, ಸಮಾಜವಿರೋಧಿ ಚಟುವಟಿಕೆ ತಡೆಯುವ ಹೆಸರಿನಲ್ಲಿ ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಬಂಧನದಲ್ಲಿಡಬಹುದಾದ ಕರಡು. ಅಪರಾಧ ತೀರ ಕಡಿಮೆಯಿರುವ ದ್ವೀಪಗಳಿಗೆ ಇದು ಬಂದದ್ದು. ಮತ್ತೊಂದು ದನದ ವಧೆ ತಡೆಯುವಂಥದ್ದು. ನಾಲ್ಕನೆಯದು ಎರಡಕ್ಕಿಂತ ಹೆಚ್ಚು ಮಕ್ಕಳಿರುವವರನ್ನು ಪಂಚಾಯತಿ ಚುನಾವಣೆಯಿಂದ ಹೊರಗಿಡುವಂಥದ್ದು. ಮೇ ತಿಂಗಳಲ್ಲಿ ಶಿಕ್ಷಣ, ಆರೋಗ್ಯ, ಕೃಷಿ, ಪಶುಸಂಗೋಪನೆ, ಮೀನುಗಾರಿಕೆಯ ಅಧಿಕಾರವನ್ನು ಜಿಲ್ಲಾ ಪಂಚಾಯತಿಯಿಂದ ವಾಪಸು ಪಡೆಯಲಾಯಿತು.

ಶಾಸನಸಭೆ ಇದ್ದಿದ್ದರೆ ಈ ಎಲ್ಲದರ ಚರ್ಚೆ ಅಲ್ಲಿ ನಡೆಯುತ್ತಿತ್ತು. ಇಲ್ಲದ ಕಾರಣ ಅದು ಮನೆಯಂಗಳಗಳಲ್ಲಿ, ಕೋರ್ಟಿನಲ್ಲಿ, ಪಕ್ಕದ ರಾಜ್ಯದ ಸದನದಲ್ಲಿ ನಡೆಯಿತು. ಜೂನ್ 7ರಂದು ಕೋವಿಡ್ ನಿರ್ಬಂಧಗಳ ನಡುವೆ ದ್ವೀಪದವರು ಮನೆಗಳಲ್ಲೇ ಹನ್ನೆರಡು ಗಂಟೆಗಳ ಉಪವಾಸ ಕೂತರು. ಕೇರಳ ವಿಧಾನಸಭೆ ಕರಡುಗಳ ವಿರುದ್ಧ ನಿರ್ಣಯ ಅಂಗೀಕರಿಸಿತು. ಅದಕ್ಕೆ ಕಾನೂನಿನ ಬಲವಿಲ್ಲ, ದನಿಯ ಬಲ ಮಾತ್ರ. ಟಿವಿ ಚರ್ಚೆಯಲ್ಲಿ ಆಡಿದ ಮಾತಿಗೆ ಚಿತ್ರನಿರ್ದೇಶಕಿ ಆಯಿಷಾ ಸುಲ್ತಾನಾ ಮೇಲೆ ರಾಜದ್ರೋಹದ ಮೊಕದ್ದಮೆ ಹೂಡಲಾಯಿತು, ಕೇರಳ ಹೈಕೋರ್ಟ್ ನಿರೀಕ್ಷಣಾ ಜಾಮೀನು ಕೊಟ್ಟಿತು.

ನ್ಯಾಯಾಲಯದ ದಾರಿಯ ಬಲವೂ ಮಿತಿಯೂ ಶಾಲೆಯ ಬಿಸಿಯೂಟದ ವಿಷಯದಲ್ಲಿ ಒಟ್ಟಿಗೇ ಕಂಡವು. ಆಡಳಿತ ಮಕ್ಕಳ ಊಟದಿಂದ ಮಾಂಸವನ್ನು ತೆಗೆದಿತ್ತು, ಸರ್ಕಾರಿ ಹೈನು ಕೇಂದ್ರಗಳನ್ನು ಮುಚ್ಚಲು ಹೇಳಿತ್ತು. ಜೂನ್ 22ರಂದು ಕೇರಳ ಹೈಕೋರ್ಟ್ ಎರಡಕ್ಕೂ ತಡೆ ಕೊಟ್ಟಿತು. ಮುಂದೆ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿ, ಇವು ನೀತಿಗೆ ಸೇರಿದ ತೀರ್ಮಾನಗಳು, ಕೋರ್ಟು ಕೈಹಾಕುವಂಥವಲ್ಲ ಎಂದು 2023ರ ಸೆಪ್ಟೆಂಬರಿನಲ್ಲಿ ಅರ್ಜಿ ವಜಾ ಆಯಿತು. ಕೋರ್ಟು ಹೇಳಿದ್ದರಲ್ಲಿ ತರ್ಕವಿದೆ. ಮಕ್ಕಳಿಗೆ ಏನು ಬಡಿಸಬೇಕು ಎನ್ನುವುದು ಜನಪ್ರತಿನಿಧಿಗಳು ಕೂತು ತೀರ್ಮಾನಿಸಬೇಕಾದ ಮಾತು. ಅಂಥ ಪ್ರತಿನಿಧಿಗಳು ಕೂರುವ ಸಭೆಯೇ ಅಲ್ಲಿಲ್ಲ.

2021ರ ಅದೇ ಜೂನಿನಲ್ಲಿ ಲಕ್ಷದ್ವೀಪವನ್ನು ಕೇರಳ ಹೈಕೋರ್ಟಿನ ವ್ಯಾಪ್ತಿಯಿಂದ ತೆಗೆದು ಕರ್ನಾಟಕ ಹೈಕೋರ್ಟಿಗೆ ಸೇರಿಸುವ ಪ್ರಸ್ತಾವವಿದೆ ಎಂಬ ಸುದ್ದಿ ಬಂತು. ಅಲ್ಲಿನ ಕಲೆಕ್ಟರ್ ಅದನ್ನು ಅಲ್ಲಗಳೆದರು. ಹಾಗೆ ಮಾಡಬೇಕಾದರೆ 241ನೇ ವಿಧಿಯಡಿ ಸಂಸತ್ತೇ ಕಾನೂನು ಮಾಡಬೇಕು, ಆಡಳಿತಾಧಿಕಾರಿಯ ಕೈಯಲ್ಲಿಲ್ಲ. ಸುದ್ದಿಗೇ ದ್ವೀಪದವರು ಬೆಚ್ಚಿದ್ದಕ್ಕೆ ಕಾರಣವಿದೆ. ಮಿನಿಕಾಯ್ ಬಿಟ್ಟರೆ ಉಳಿದೆಡೆ ಜನರ ಮಾತು ಮಲಯಾಳದ ಒಂದು ಬಗೆ, ದಾಖಲೆಗಳೂ ಮಲಯಾಳದಲ್ಲಿರುತ್ತವೆ. ಕೊಚ್ಚಿಗೆ ಹಡಗಿಳಿದರೆ ಹೈಕೋರ್ಟ್ ಅದೇ ಊರಿನಲ್ಲಿದೆ. ಮಂಗಳೂರಿನಲ್ಲಿಳಿದವರು ಘಟ್ಟ ಹತ್ತಿ ಬೆಂಗಳೂರಿಗೆ ಹೋಗಬೇಕು. ನಮಗೆ ಅವರು ಹಳೆಯ ನೆಂಟರು. ಅವರ ನ್ಯಾಯದ ದಾರಿ ಉದ್ದವಾಗುವುದನ್ನು ಕನ್ನಡಿಗರೂ ಬಯಸಬಾರದು. ಹಡಗಿನ ಮಾತು ಬೇರೆ: 2024ರ ಮೇ ತಿಂಗಳಲ್ಲಿ ಪರಳಿ ಎಂಬ ವೇಗದ ಹಡಗು ಏಳು ಗಂಟೆಯಲ್ಲಿ ಮಂಗಳೂರು ತಲುಪಿದಾಗ ಎರಡೂ ಕಡೆ ಸಂತೋಷಪಟ್ಟದ್ದು ಸಹಜವೇ.

ದ್ವೀಪವಾಸಿಯೊಬ್ಬರು ಮಾಡಬಹುದಾದದ್ದು

ಬಿತ್ರವನ್ನು ತೆಗೆದುಕೊಳ್ಳಿ. ಜನವಸತಿಯಿರುವ ದ್ವೀಪಗಳಲ್ಲಿ ಅತಿ ಚಿಕ್ಕದು, 2011ರಲ್ಲಿ 271 ಜನ. 2025ರ ಜುಲೈಯಲ್ಲಿ ಆ ಇಡೀ ದ್ವೀಪವನ್ನು ರಕ್ಷಣಾ ಉದ್ದೇಶಕ್ಕೆ ಸ್ವಾಧೀನಪಡಿಸಿಕೊಳ್ಳುವ ಸಲುವಾಗಿ ಸಾಮಾಜಿಕ ಪರಿಣಾಮದ ಅಧ್ಯಯನಕ್ಕೆ ಅಧಿಸೂಚನೆ ಬಂತು. ಅಲ್ಲಿ ಮನೆಯಿರುವವರ ಕೈಯಲ್ಲಿ ಏನಿದೆ?

2013ರ ಭೂಸ್ವಾಧೀನ ಕಾಯ್ದೆಯಡಿ ಅಧ್ಯಯನದ ಸಾರ್ವಜನಿಕ ಅಹವಾಲಿನಲ್ಲಿ ಮಾತನಾಡುವ ಹಕ್ಕಿದೆ, ಆಕ್ಷೇಪಣೆ ಬರೆದು ಕೊಡುವ ಹಕ್ಕಿದೆ, ಪರಿಹಾರ ಮತ್ತು ಪುನರ್ವಸತಿಯ ಹಕ್ಕಿದೆ. ಅನುಸೂಚಿತ ಪ್ರದೇಶಗಳಲ್ಲಿ ಗ್ರಾಮಸಭೆಯ ಮುಂಗಡ ಒಪ್ಪಿಗೆ ಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಐದನೇ ಅನುಸೂಚಿಯಲ್ಲಿ ಇಲ್ಲದ ಕಾರಣ ಬಿತ್ರದವರು ಆ ಖಂಡವನ್ನು ನೇರವಾಗಿ ಹಿಡಿಯಲಾರರು. ಪರಿಶಿಷ್ಟ ಪಂಗಡಗಳ ರಾಷ್ಟ್ರೀಯ ಆಯೋಗಕ್ಕೆ ದೂರು ಕೊಡಬಹುದು; ಪಂಗಡದವರ ಮೇಲೆ ಪರಿಣಾಮ ಬೀರುವ ದೊಡ್ಡ ನೀತಿಗಳ ಬಗ್ಗೆ ಸರ್ಕಾರ ಆಯೋಗದ ಸಲಹೆ ಕೇಳಲೇಬೇಕೆಂದು 338ಎ ವಿಧಿ ಹೇಳುತ್ತದೆ, ಕೇಳಿದೆಯೇ ಎಂದು ಮಾಹಿತಿ ಹಕ್ಕಿನಡಿ ವಿಚಾರಿಸಬಹುದು. ಕೊನೆಗೆ ಕೊಚ್ಚಿಯ ಹೈಕೋರ್ಟಿನಲ್ಲಿ ರಿಟ್ ಅರ್ಜಿ. ಅದು ಫಲಿಸದ ದಾರಿಯಲ್ಲ. ಅದೇ 2025ರಲ್ಲಿ ಶಾಲೆಗಳಿಂದ ಅರಬಿಯನ್ನೂ ಮಿನಿಕಾಯ್‌ನವರ ಮಹಲ್ ಭಾಷೆಯನ್ನೂ ಕೈಬಿಡುವ ಆದೇಶಕ್ಕೆ ಹೈಕೋರ್ಟ್ ತಡೆ ಕೊಟ್ಟಿತು.

ಸಂವಿಧಾನದ ಪ್ರಕಾರ ಇದಕ್ಕೆಲ್ಲ ಮೊದಲು ಬರಬೇಕಾದದ್ದು ಪಂಚಾಯತಿ. 1994ರ ವಿನಿಯಮದಂತೆ ಹತ್ತು ದ್ವೀಪ ಪಂಚಾಯತಿಗಳೂ ಒಂದು ಜಿಲ್ಲಾ ಪಂಚಾಯತಿಯೂ ಆಗಿದ್ದವು, ದ್ವೀಪದವರು ತಾವೇ ಆರಿಸಿದವರ ಕೈಯಲ್ಲಿ ಶಾಲೆ, ಆಸ್ಪತ್ರೆ, ಮೀನುಗಾರಿಕೆಯ ಕೆಲಸ ಕಂಡಿದ್ದರು. ಬಿತ್ರದ ಅಧಿಸೂಚನೆ ಹೊರಬಿದ್ದಾಗ ಚುನಾಯಿತ ಪಂಚಾಯತಿಗಳು ಅಲ್ಲಿರಲಿಲ್ಲ. ಕೊನೆಯ ಚುನಾವಣೆ 2017ರಲ್ಲಿ ಆದದ್ದು. ಆ ಅವಧಿ ಮುಗಿದ ಮೇಲೆ ಹೊಸ ಚುನಾವಣೆ ನಡೆದಿರಲಿಲ್ಲ.

ಲಕ್ಷದ್ವೀಪಕ್ಕೆ ವಿಧಾನಸಭೆ ಬೇಕು ಎನ್ನುವುದು ಹಳೆಯ ಕೇಳಿಕೆ. ಪುದುಚೇರಿಗೆ ಸಭೆ ಕೊಡುವ 239ಎ ವಿಧಿಯಲ್ಲಿ ದ್ವೀಪದ ಹೆಸರನ್ನೂ ಸೇರಿಸಬೇಕಾಗುತ್ತದೆ, ಸಂಸತ್ತು ಮನಸ್ಸು ಮಾಡಬೇಕಾಗುತ್ತದೆ, ಅದಕ್ಕೆ ಸಮಯ ಹಿಡಿಯುತ್ತದೆ. ಪಂಚಾಯತಿ ಚುನಾವಣೆಗೆ ಅಂಥದ್ದೇನೂ ಬೇಕಿಲ್ಲ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕೆಂದು 243ಇ ವಿಧಿ ಈಗಾಗಲೇ ಹೇಳುತ್ತದೆ.